ಪತ್ತನಾಜೆಗೆ ಮೊದಲೇ ಫ್ಲೂ ಲಸಿಕೆ

ಪ್ರಶ್ನೆ: ನಾವು ಕಾಸರಗೋಡಿನ ಬದಿಯಡ್ಕ ಸಮೀಪದವರು. ತಂದೆಯವರಿಗೆ 72 ವರ್ಷ. ಸಕ್ಕರೆ ಕಾಯಿಲೆಯಿದೆ, ಮಳೆಗಾಲದಲ್ಲಿ ದಮ್ಮು ಕಟ್ಟುತ್ತದೆ. ಕಳೆದ ಆಟಿ ತಿಂಗಳ ಮಳೆಯಲ್ಲಿ ಜ್ವರ ನ್ಯುಮೋನಿಯಾಕ್ಕೆ ತಿರುಗಿ ಒಂದು ವಾರ ಮಂಗಳೂರಿನ ಆಸ್ಪತ್ರೆಯಲ್ಲಿದ್ದರು. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಿಕೊಳ್ಳಲು ಅಲ್ಲಿನ ವೈದ್ಯರು ಹೇಳಿದ್ದಾರೆ. ದುಬೈಯಲ್ಲಿರುವ ತಮ್ಮ ಅಕ್ಟೋಬರಿನಲ್ಲಿ ಹಾಕಿಸಿ ಎನ್ನುತ್ತಾನೆ. ಇಂಜೆಕ್ಷನಿನಿಂದಲೇ ಜ್ವರ ಬರುತ್ತದೆಂದು ತಂದೆಯವರಿಗೆ ಹೆದರಿಕೆ. ಏನು ಮಾಡಲಿ?

ಉತ್ತರ: ನಿಮ್ಮ ತಮ್ಮನ ಲೆಕ್ಕ ಅವರಿರುವ ಊರಿಗೆ ಸರಿ, ಕಾಸರಗೋಡಿಗೆ ಅಲ್ಲ. ಅಲ್ಲಿ ಫ್ಲೂ ಹರಡುವುದು ಚಳಿಗಾಲದಲ್ಲಿ. ನಮ್ಮಲ್ಲಿ ಅದರ ದೊಡ್ಡ ಹಾವಳಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯ ಜೊತೆಗೇ ಬರುತ್ತದೆ. ಲಸಿಕೆ ಹಾಕಿಸಿಕೊಂಡ ಮೇಲೆ ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕಾಗುವುದರಿಂದ, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಪತ್ತನಾಜೆಗೆ ಮೊದಲೇ, ಅಂದರೆ ಮೇ ತಿಂಗಳ ನಡುವಿನೊಳಗೆ, ಇದನ್ನು ಮುಗಿಸಿಕೊಳ್ಳುವುದು ಒಳ್ಳೆಯದು. ತಡವಾದರೆ ಬಿಟ್ಟೇಬಿಡಬೇಕೆಂದಿಲ್ಲ. ವೈರಸ್ ರೂಪ ಬದಲಿಸುತ್ತಿರುವುದರಿಂದ ವಿಶ್ವ ಆರೋಗ್ಯ ಸಂಸ್ಥೆಯು ಲಸಿಕೆಯಲ್ಲಿರಬೇಕಾದ ತಳಿಗಳನ್ನು ವರ್ಷಕ್ಕೆ ಎರಡು ಬಾರಿ ಪರಿಷ್ಕರಿಸುತ್ತದೆ. ಆದ್ದರಿಂದ ಪ್ರತಿ ವರ್ಷವೂ ಹೊಸ ದಾಸ್ತಾನಿನದನ್ನೇ ಕೇಳಿ ಹಾಕಿಸಿಕೊಳ್ಳಬೇಕು.

ತಂದೆಯವರ ಹೆದರಿಕೆ ಹೊಸದೇನಲ್ಲ, ನನ್ನ ಬಳಿಗೆ ಬರುವ ಹಿರಿಯರಲ್ಲಿ ಅರ್ಧದಷ್ಟು ಜನ ಇದನ್ನೇ ಹೇಳುತ್ತಾರೆ. ಇಂಜೆಕ್ಷನ್ ರೂಪದ ಫ್ಲೂ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲವಾದ್ದರಿಂದ ಅದರಿಂದ ಫ್ಲೂ ಬರಲಾರದು. ಒಂದೆರಡು ದಿನ ತೋಳು ನೋಯಬಹುದು, ಮೈ ಬೆಚ್ಚಗಾಗಬಹುದು. ಸಾಮಾನ್ಯ ನೆಗಡಿಯನ್ನು ಅದು ತಡೆಯುವುದಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡಿ, ಇಲ್ಲವಾದರೆ ಮೊದಲ ಸೀನಿಗೇ ಲಸಿಕೆ ದಂಡವಾಯಿತೆನ್ನುತ್ತಾರೆ.

ನ್ಯುಮೋನಿಯಾ ಲಸಿಕೆ ಬೇರೆಯೇ. ಅದು ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯಾದ ವಿರುದ್ಧ. ಪ್ರತಿ ವರ್ಷ ಬೇಡ. ಈ ಬ್ಯಾಕ್ಟೀರಿಯಾದಲ್ಲಿ ನೂರಕ್ಕೂ ಹೆಚ್ಚು ಬಗೆಗಳಿರುವುದರಿಂದ, ಒಮ್ಮೆ ಕಾಯಿಲೆ ಬಂದುಹೋದವರಿಗೂ ಲಸಿಕೆ ಬೇಕು. 20 ಬಗೆಗಳ ವಿರುದ್ಧದ ಪಿಸಿವಿ 20 ಎಂಬ ಲಸಿಕೆ ಸಿಕ್ಕಿದರೆ ಒಂದೇ ಡೋಸ್ ಸಾಕು. 13 ಬಗೆಗಳ ಪಿಸಿವಿ 13 ಹಾಕಿಸಿದರೆ ಸಾಮಾನ್ಯವಾಗಿ ಒಂದು ವರ್ಷದ ಬಳಿಕ 23 ಬಗೆಗಳ ವಿರುದ್ಧದ ಪಿಪಿಎಸ್‌ವಿ 23 ಎಂಬ ಇನ್ನೊಂದು ಲಸಿಕೆ ಹಾಕಿಸಬೇಕು. ಫ್ಲೂ ಲಸಿಕೆಯನ್ನೂ ಇದನ್ನೂ ಒಂದೇ ದಿನ, ಬೇರೆ ಬೇರೆ ತೋಳಿಗೆ ಕೊಡಬಹುದು.

ಮಕ್ಕಳಿಗೆ 6 ವಾರ, 14 ವಾರ ಮತ್ತು 9 ತಿಂಗಳಲ್ಲಿ ಪಿಸಿವಿ ಸರಕಾರದಿಂದ ಉಚಿತವಾಗಿ ದೊರೆಯುತ್ತದೆ. ಹಿರಿಯರು ಹೆಚ್ಚಾಗಿ ಹಣ ಕೊಟ್ಟೇ ಹಾಕಿಸಿಕೊಳ್ಳಬೇಕಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಮಂಗಳೂರಿನ ಮೆಡಿಕಲಿನಲ್ಲಿ ಲಸಿಕೆ ಕೊಂಡು, ಮೇ ತಿಂಗಳ ಸೆಕೆಯಲ್ಲಿ ಬಸ್ಸಿನಲ್ಲಿ ಕೈಚೀಲದೊಳಗೆ ತಂದು, ಮನೆಯ ಹತ್ತಿರ ಚುಚ್ಚಿಸುವ ಪದ್ಧತಿ ಬೇಡ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು. ಅದನ್ನು ಫ್ರಿಜ್ಜಿನಲ್ಲಿಟ್ಟಿರುವ ಆಸ್ಪತ್ರೆಯಲ್ಲೇ ಹಾಕಿಸಿ, ಅರ್ಧ ಗಂಟೆ ಅಲ್ಲೇ ಕುಳಿತು ಬನ್ನಿ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ, ಹಿಂದೆ ಯಾವುದೇ ಲಸಿಕೆಗೆ ತೀವ್ರ ಅಲರ್ಜಿಯಾಗಿದ್ದರೆ ಮೊದಲೇ ತಿಳಿಸಿ. ಜ್ವರ ಜೋರಾಗಿದ್ದ ದಿನ ಮುಂದೂಡಿ. ಯಾವ ಲಸಿಕೆ, ಯಾವ ದಿನ ಎಂಬುದನ್ನು ಸಕ್ಕರೆ ಪರೀಕ್ಷೆಯ ಪುಸ್ತಕದಲ್ಲೇ ಬರೆಯಿಸಿಕೊಳ್ಳಿ, ನ್ಯುಮೋನಿಯಾದ ಮುಂದಿನ ಡೋಸ್ ಅದನ್ನು ನೋಡಿಯೇ ನಿರ್ಧಾರವಾಗುತ್ತದೆ.