ಕಾಟರಿ ಯಂತ್ರ ಚೆನ್ನಾಗಿಯೇ ಕೊಯ್ಯುತ್ತಿದ್ದರೂ ಅದನ್ನು ಏಕೆ ಪರೀಕ್ಷಿಸಬೇಕು?

ಮಂಡ್ಯದ ನರ್ಸಿಂಗ್ ಹೋಮೊಂದರ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಕೆಲಸ ಮಾಡುವ ತಾವು ಈ ಪ್ರಶ್ನೆ ಕೇಳಿದ್ದೀರಿ. ಕಾಟರಿ ಎಂದರೆ ಶಸ್ತ್ರಚಿಕಿತ್ಸೆಯಲ್ಲಿ ವಿದ್ಯುತ್ತಿನ ಶಾಖದಿಂದ ಅಂಗಾಂಶವನ್ನು ಕೊಯ್ಯುವ ಯಂತ್ರ. ಯಂತ್ರ ಕೊಯ್ಯುತ್ತಿದೆ ಎಂಬುದು ವಿದ್ಯುತ್ತು ರೋಗಿಯ ದೇಹವನ್ನು ಸೇರುತ್ತಿದೆ ಎಂಬುದಕ್ಕಷ್ಟೇ ಸಾಕ್ಷಿ. ಅದು ಸುರಕ್ಷಿತವಾಗಿ ಹೊರಬರುತ್ತಿದೆಯೇ ಎಂಬುದು ಪರೀಕ್ಷೆಯಿಂದಲೇ ತಿಳಿಯಬೇಕು.

ವೈದ್ಯರು ಕೈಯಲ್ಲಿ ಹಿಡಿಯುವ ಉಪಕರಣವಾದ ಪೆನ್ಸಿಲ್‌ನ ಮೊನೆಯಲ್ಲಿ ಕೊಯ್ಯುವ ವಿದ್ಯುತ್ತೇ ತೊಡೆಗೆ ಅಂಟಿಸಿದ ಪೇಷಂಟ್ ಪ್ಲೇಟಿನ ಮೂಲಕ ಯಂತ್ರಕ್ಕೆ ಹಿಂದಿರುಗುತ್ತದೆ. ಮೊನೆ ಸಣ್ಣದಾದ್ದರಿಂದ ಅಲ್ಲಿ ಸುಡುತ್ತದೆ, ಪ್ಲೇಟು ಅಗಲವಾದ್ದರಿಂದ ಇಲ್ಲಿ ಸುಡುವುದಿಲ್ಲ. ಆದರೆ ಅಂಟು ಬಿಟ್ಟು ಸಂಪರ್ಕದ ಜಾಗ ಅರ್ಧಕ್ಕಿಳಿದರೆ, ಅದೇ ವಿದ್ಯುತ್ತು ಕಡಿಮೆ ಚರ್ಮದಲ್ಲಿ ಒತ್ತೊತ್ತಾಗಿ ಹರಿದು, ಅಲ್ಲಿನ ಚರ್ಮದ ಪ್ರತಿ ಚೂರಿನಲ್ಲೂ ಹುಟ್ಟುವ ಶಾಖ ಸುಮಾರು 4 ಪಟ್ಟಾಗುತ್ತದೆ. ಅರಿವಳಿಕೆಯಲ್ಲಿರುವ ರೋಗಿ ಉರಿಯುತ್ತಿದೆ ಎಂದು ಹೇಳಲಾರರು.

ಹೀಗಾಗಿ ನನ್ನ ದೃಷ್ಟಿಯಲ್ಲಿ ಮೊದಲು ನೋಡಬೇಕಾದದ್ದು ಪ್ಲೇಟಿನ ಸಂಪರ್ಕ ಕೆಟ್ಟರೆ ಎಚ್ಚರಿಸುವ ಅಲಾರಂ. ಎರಡು ಭಾಗಗಳಿರುವ ಪ್ಲೇಟಿನ ಬದಲು ವಿದ್ಯುತ್ತಿಗೆ ತಡೆ (ರೋಧ) ಒಡ್ಡುವ ಒಂದು ರೆಸಿಸ್ಟರ್ ಜೋಡಿಸಿ, ಪ್ಲೇಟಿನ ಅಂಟು ಬಿಡುತ್ತಿರುವಂತೆ ರೋಧವನ್ನು ಹಂತಹಂತವಾಗಿ ಏರಿಸುತ್ತಾ ಹೋದಾಗ, ತಯಾರಕರು ಸೂಚಿಸಿದ ಮಟ್ಟದಲ್ಲಿ ಅಲಾರಂ ಕೂಗಿ ವಿದ್ಯುತ್ತು ನಿಲ್ಲಲೇಬೇಕು. ಅನಂತರ 200 ಓಮ್ ರೋಧದ ಮೂಲಕ, ನಿಗದಿತ ದಾರಿ ಬಿಟ್ಟು ಸೋರುವ ಅಧಿಕ ಆವರ್ತನದ ವಿದ್ಯುತ್ತನ್ನು ಅಳೆಯುತ್ತಾರೆ. ಅಂತರರಾಷ್ಟ್ರೀಯ ಮಾನದಂಡದಂತೆ ಅದು ಸಾಮಾನ್ಯವಾಗಿ 150 ಮಿಲಿಆಂಪಿಯರ್ ಮೀರಬಾರದು. ನಿಗದಿಪಡಿಸಿದ ವ್ಯಾಟ್‌ಗೂ ನಿಜವಾಗಿ ಹೊರಬರುವ ಶಕ್ತಿಗೂ ತಾಳೆ ನೋಡುವುದೂ ಇದರಲ್ಲಿ ಸೇರಿದೆ.

ಈ ವಿದ್ಯುತ್ತಿನ ಆವರ್ತನ ಲಕ್ಷಗಟ್ಟಲೆ ಹರ್ಟ್ಸ್ ಇರುವುದರಿಂದ ಸಾಮಾನ್ಯ ಮಲ್ಟಿಮೀಟರ್ ಅದನ್ನು ಸರಿಯಾಗಿ ಅಳೆಯಲಾರದು. ಮೈಸೂರಿನಿಂದ ತಂತ್ರಜ್ಞರನ್ನು ಕರೆಸಿದಾಗ, ಇದಕ್ಕೆಂದೇ ಇರುವ ಅನಲೈಸರ್ ತಂದಿದ್ದಾರೆಯೇ ಎಂದು ದಯವಿಟ್ಟು ಕೇಳಿ, ಅಳತೆಗಳನ್ನು ಬರೆಸಿಕೊಳ್ಳಿ.