36 ಇಂಚಿನ ಗಾಲಿಯೇ ಬೇಕಾ?

ಪ್ರಶ್ನೆ: ನಾನು ಸುರತ್ಕಲ್‌ನವನು. ಎರಡು ವರ್ಷದಿಂದ 20 ಇಂಚಿನ ಯೂನಿಸೈಕಲ್ (ಒಂದೇ ಗಾಲಿಯ ಸೈಕಲ್) ಓಡಿಸುತ್ತಿದ್ದೇನೆ, ಪಣಂಬೂರು ಬೀಚಿಗೆ ಹೋಗಿ ಬರುವಷ್ಟು ಅಭ್ಯಾಸ ಉಂಟು. ಒಮ್ಮೆ ಉಡುಪಿಯವರೆಗೆ ಹೋಗಬೇಕೆಂದು ಆಸೆ. ನೇರ 36 ಇಂಚಿನದ್ದೇ ತರಿಸಿಕೊಳ್ಳಲಾ? ಎಡ್ ಪ್ರಾಟ್ ಪ್ರಪಂಚ ಸುತ್ತಿದ್ದು ಅದರಲ್ಲೇ ಅಲ್ವಾ? ನನ್ನ ಎತ್ತರ ಐದಡಿ ನಾಲ್ಕು ಇಂಚು.

ಉತ್ತರ: ಸದ್ಯಕ್ಕೆ ಬೇಡ ಮಾರಾಯ್ರೆ. 29 ತೆಗೆದುಕೊಳ್ಳಿ.

ಪ್ರಾಟ್ ಹೋದದ್ದು 36ರಲ್ಲೇ, ನಿಜ. 2015ರಲ್ಲಿ ಇಂಗ್ಲೆಂಡಿನಿಂದ ಹೊರಟು 2018ರಲ್ಲಿ ಮನೆ ಸೇರಿದರು. ಆದರೆ ಅವರ ಮುಂದೆ ಇದ್ದದ್ದು ಸಾವಿರಾರು ಕಿಲೋಮೀಟರ್, ನಿಮ್ಮ ಮುಂದೆ ಇರುವುದು ಸುಮಾರು 40.

ಸ್ವಲ್ಪ ಲೆಕ್ಕ ಹಾಕೋಣ. ಯೂನಿಸೈಕಲ್ಲಿಗೆ ಚೈನ್ ಇಲ್ಲ, ಗೇರ್ ಇಲ್ಲ, ಪೆಡಲ್ ಒಂದು ಸುತ್ತು ಬಂದರೆ ಗಾಲಿಯೂ ಒಂದೇ ಸುತ್ತು. (ಗೇರ್ ಇರುವ ಹಬ್‌ಗಳೂ, ಅಂದರೆ ಗಾಲಿಯ ನಡುಭಾಗವೂ ಸಿಗುತ್ತವೆ, ಆದರೆ ಆ ದುಡ್ಡಿಗೆ ಒಂದು ಹಳೇ ಸ್ಕೂಟರ್ ಬರಬಹುದು, ಅದರ ಮಾತು ಬಿಡಿ.) ಒಂದು ಸುತ್ತಿಗೆ 20 ಇಂಚಿನದ್ದು 1.6 ಮೀಟರ್ ಹೋಗುತ್ತದೆ, 29 ಇಂಚಿನದ್ದು 2.3, 36 ಇಂಚಿನದ್ದು 2.87. ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 8.6, 12.5, 15.5 ಕಿಲೋಮೀಟರ್. ಅಂದರೆ ಉಡುಪಿಗೆ ಈಗಿನ ಗಾಲಿಯಲ್ಲಿ ನಾಲ್ಕೂವರೆ ಗಂಟೆಗೂ ಜಾಸ್ತಿ, 29ರಲ್ಲಿ ಮೂರು ಗಂಟೆ ಹತ್ತು ನಿಮಿಷ, 36ರಲ್ಲಿ ಎರಡು ಗಂಟೆ ಮೂವತ್ತೈದು ನಿಮಿಷ. ದೊಡ್ಡ ಲಾಭ ಸಿಗುವುದು 20ರಿಂದ 29ಕ್ಕೆ ಹೋದಾಗ. ಅಲ್ಲಿಂದ 36ಕ್ಕೆ ಹೋದರೆ ಉಳಿಯುವುದು ಅರ್ಧ ಗಂಟೆ ಚಿಲ್ಲರೆ, ಅದೂ ಎಲ್ಲೂ ನಿಲ್ಲದೆ ಹೋದರೆ ಮಾತ್ರ.

ನಿಲ್ಲದೆ ಹೋಗಲಿಕ್ಕೆ ನಮ್ಮ ರಸ್ತೆ ಬಿಡುತ್ತದಾ? ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ, ಎಲ್ಲ ಕಡೆ ಜಂಕ್ಷನ್, ಅಡ್ಡ ನುಗ್ಗುವ ರಿಕ್ಷಾ, ದನ. ಪ್ರತಿ ಸಲ ಇಳಿದರೆ ಪ್ರತಿ ಸಲ ಹತ್ತಬೇಕು. 36ಕ್ಕೆ ಏನನ್ನೂ ಹಿಡಿದುಕೊಳ್ಳದೆ ಹತ್ತುವುದು ಅಂದರೆ ಸೊಂಟದೆತ್ತರದ ಗೋಡೆ ಹಾರಿದ ಹಾಗೆ, ಅದೂ ಗೋಡೆ ಮುಂದೆ ಉರುಳುತ್ತಿರುವಾಗ. ಒಮ್ಮೆ ಓಟ ಹಿಡಿದರೆ ಅದರ ಸುಖವೇ ಬೇರೆ, ಭಾರದ ಗಾಲಿ ತಾನೇ ಎಳೆದುಕೊಂಡು ಹೋಗುತ್ತದೆ. ಆದರೆ ನಿಲ್ಲಿಸುವುದೂ ಅಷ್ಟೇ ಕಷ್ಟ.

ಇನ್ನು ನಿಮ್ಮ ಕಾಲಿನ ಉದ್ದ. ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆ ಸಂದಿಗೆ ಒಂದು ಪುಸ್ತಕ ಒತ್ತಿ ಹಿಡಿದು, ನೆಲದಿಂದ ಅಳೆಯಿರಿ. 36ರ ಗಾಲಿ ಆಕ್ಸೆಲ್‌ನಿಂದ ಮೇಲಕ್ಕೆ ಸುಮಾರು 46 ಸೆಂಟಿಮೀಟರ್, ಅದರ ಮೇಲೆ ಫ್ರೇಮು, ಸೀಟು, ಕೆಳಗೆ ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ಉದ್ದ. ಎಲ್ಲ ಸೇರಿದರೆ 70 ಸೆಂಟಿಮೀಟರ್ ಸುಲಭವಾಗಿ ದಾಟುತ್ತದೆ. ನಿಮ್ಮ ಎತ್ತರಕ್ಕೆ ಸೀಟಿನ ಪೈಪ್ ಕತ್ತರಿಸಿ ಹೇಗೋ ಹೊಂದಿಸಬಹುದು, ಆದರೆ ಬಿಗಿ ಬಿಗಿ.

ಟಯರ್ ವಿಷಯವೂ ಉಂಟು. 29ಕ್ಕೆ ಮೌಂಟೇನ್ ಬೈಕಿನ ಟಯರ್, ಟ್ಯೂಬ್ ಎರಡೂ ಆಗುತ್ತವೆ, ಮಂಗಳೂರಿನ ಒಳ್ಳೆ ಸೈಕಲ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. 36ರ ಟಯರ್ ಹರಿದರೆ ಹೊರದೇಶದಿಂದ ಬರುವವರೆಗೆ ಗಾಲಿ ಗೋಡೆಗೆ ಒರಗಿರುತ್ತದೆ.

ಗಾಲಿಗಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ್ದು ಕ್ರ್ಯಾಂಕ್ ಬಗ್ಗೆ. ಗಾಲಿ ದೊಡ್ಡದಾದಷ್ಟೂ ಪೆಡಲಿಗೆ ಬಲ ಜಾಸ್ತಿ ಬೇಕು. 29ಕ್ಕೆ ಮೊದಲು 150 ಮಿಲಿಮೀಟರಿನ ಕ್ರ್ಯಾಂಕ್ ಹಾಕಿ, ಏರು ಹತ್ತಲಿಕ್ಕೂ ಇಳಿಯುವಾಗ ಹಿಡಿದು ನಿಲ್ಲಿಸಲಿಕ್ಕೂ ಬರುತ್ತದೆ. ಪಳಗಿದ ಮೇಲೆ 125. ಅದಕ್ಕಿಂತ ಚಿಕ್ಕದು ಸಮತಟ್ಟು ರಸ್ತೆಯಲ್ಲಿ ಬೆಣ್ಣೆ, ಆದರೆ ಕದ್ರಿ ಗುಡ್ಡೆಯಂಥ ಏರಿನಲ್ಲಿ ಮೊಣಕಾಲು ಶಾಪ ಹಾಕುತ್ತದೆ. ಎರಡು ಅಳತೆಗೆ ತೂತಿರುವ ಕ್ರ್ಯಾಂಕ್ ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ, ಪೆಡಲ್ ಬದಲಿಸಿದರೆ ಸಾಕು. ಹಬ್ ಮಾತ್ರ ಚೌಕದ ತುದಿಯ ಹಳೇ ಬಗೆಯದ್ದು ಬೇಡ, ಹಲ್ಲು ಹಲ್ಲಾಗಿರುವ ಐಸಿಸ್ ಹಬ್ ಕೇಳಿ. ಡಿಸ್ಕ್ ಬ್ರೇಕ್ ಹಾಕುವ ಜಾಗವಿದ್ದರೆ ಇನ್ನೂ ಒಳ್ಳೆಯದು. ಇಳಿಜಾರಿನಲ್ಲೂ ಪೆಡಲ್ ಸುತ್ತುತ್ತಲೇ ಇರುತ್ತದಲ್ಲ, ಆಗ ಕಾಲಿನ ಭಾರ ಬ್ರೇಕ್ ಹೊರುತ್ತದೆ.

ನಮ್ಮ ಉಪ್ಪುಗಾಳಿಗೆ ಸ್ಟೀಲಿನ ಸೀಟ್ ಪೈಪ್ ಫ್ರೇಮಿನೊಳಗೇ ಅಂಟಿಕೊಳ್ಳುತ್ತದೆ, ಗ್ರೀಸ್ ಹಚ್ಚಿಡಿ. ಎಡ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ, ಗಾಲಿ ತಿರುಗಾಮುರುಗಾ ಕೂರಿಸಿದರೆ ಪೆಡಲ್ ನಿಧಾನಕ್ಕೆ ಸಡಿಲವಾಗುತ್ತದೆ. ಈ ಪಾಠ ನಾನು ಕಲಿತದ್ದು ಹೆಜಮಾಡಿಯ ಹತ್ತಿರ, ಪೆಡಲ್ ಕೈಯಲ್ಲಿ ಹಿಡಿದು ನಡೆಯುತ್ತಾ.

ಸೀಟಿನ ಮೇಲೆ ಮೂರು ಗಂಟೆ ಕೂರುವುದು ಕಾಲಿಗಿಂತ ದೊಡ್ಡ ಕಷ್ಟ. ಕೈಗೆ ಭಾರ ಕೊಡಲು ಮುಂದೆ ಒಂದು ಹ್ಯಾಂಡಲ್ ಇರಲಿ, ಸ್ಪಂಜಿನ ಸೈಕಲ್ ಚಡ್ಡಿ ಹಾಕಿ, ಅರ್ಧ ಗಂಟೆಗೊಮ್ಮೆ ಇಳಿದು ನಿಲ್ಲಿ. ಹೆಲ್ಮೆಟ್, ಮಣಿಕಟ್ಟಿನ ಗಾರ್ಡ್ ಬಿಡಬೇಡಿ.

ಹೈವೇಗೆ ಇಳಿಯುವ ಮೊದಲು ಒಂದೆರಡು ತಿಂಗಳು ಪಡುಕೆರೆ–ಮಟ್ಟು ಕಡಲ ಬದಿಯ ರಸ್ತೆಯಲ್ಲಿ ಬೆಳಗ್ಗೆ ಓಡಿಸಿ. ಸಮತಟ್ಟು, ವಾಹನ ಕಡಿಮೆ, ಮಧ್ಯಾಹ್ನದ ಕಡಲಗಾಳಿಯೂ ಶುರುವಾಗಿರುವುದಿಲ್ಲ. ಉಡುಪಿಗೆ ಹೊರಟ ದಿನ ಕಾಪುವಿನಲ್ಲೇ ಸುಸ್ತಾದರೂ ನಾಚಿಕೆ ಬೇಡ, 29 ಆದರೆ ಬಸ್ಸಿನ ಡಿಕ್ಕಿಗೆ ಹಾಕಬಹುದು. 36 ಆದರೆ ಕಂಡಕ್ಟರ್ ಹತ್ತಿರ ಮಾತಾಡುವುದು ನಿಮಗೆ ಬಿಟ್ಟದ್ದು.