ಪ್ರತಿಕ್ರಿಯೆ: ಸ್ಯಾಂಟಿಯಾಗೊ–ಈಸ್ಟರ್ ದ್ವೀಪದ ದೂರ ಮತ್ತು ಸಮಯ

ಚಿಲಿಯ ರಾಜಧಾನಿ ಸ್ಯಾಂಟಿಯಾಗೊದಿಂದ ಪೆಸಿಫಿಕ್ ಸಾಗರದಲ್ಲಿರುವ ಚಿಲಿಯದೇ ಈಸ್ಟರ್ ದ್ವೀಪಕ್ಕೆ ಎಷ್ಟು ದೂರ ಎಂದು ನೀವು ಹಾಕಿದ ಲೆಕ್ಕವನ್ನು ಮೊದಲು ನೋಡೋಣ. ರೇಖಾಂಶದ ವ್ಯತ್ಯಾಸ 38.6 ಡಿಗ್ರಿಯನ್ನು ನೀವು ನೇರವಾಗಿ 111ರಿಂದ ಗುಣಿಸಿದ್ದೀರಿ, ಅದಕ್ಕೇ ಸುಮಾರು 4,285 ಕಿ.ಮೀ. ಬಂದಿದೆ. ಒಂದು ಡಿಗ್ರಿ ರೇಖಾಂಶಕ್ಕೆ 111 ಕಿ.ಮೀ. ಎಂಬ ಲೆಕ್ಕ ಸಮಭಾಜಕದ ಮೇಲೆ ಮಾತ್ರ ಸರಿ. ಧ್ರುವದ ಕಡೆ ಹೋದಂತೆ ರೇಖಾಂಶಗಳು ಹತ್ತಿರವಾಗುತ್ತವೆ. ಈ ಎರಡು ವಿಮಾನ ನಿಲ್ದಾಣಗಳ ಸರಾಸರಿ ಅಕ್ಷಾಂಶ ದಕ್ಷಿಣ 30 ಡಿಗ್ರಿ. ಅದರ ಕೊಸೈನ್ 0.86. 111ನ್ನು ಅದರಿಂದ ಗುಣಿಸಿದರೆ ಅಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ 96 ಕಿ.ಮೀ. ಅಷ್ಟೇ. ಹೀಗೆ ಪೂರ್ವ-ಪಶ್ಚಿಮ ದೂರ 3,700 ಕಿ.ಮೀ., ಉತ್ತರ-ದಕ್ಷಿಣ 690. ಪೈಥಾಗೊರಸ್ ಹಾಕಿದರೆ 3,770 ಸಿಗುತ್ತದೆ. ಭೂಮಿಯನ್ನು ಗೋಳವೆಂದೇ ಹಿಡಿದು ಲೆಕ್ಕ ಹಾಕುವ ಪೂರ್ತಿ ಸೂತ್ರ ಕೊಡುವುದು 3,750. ಕಾಗದದ ಮೇಲಿನ ಲೆಕ್ಕಕ್ಕೆ ಇಷ್ಟು ಧಾರಾಳ ಸಾಕು.

ಇನ್ನು ವಿಮಾನದ ಟಿಕೆಟ್‌ನಲ್ಲಿರುವ ಗಡಿಯಾರದ ಸಮಯಗಳ ಪ್ರಕಾರ ದ್ವೀಪಕ್ಕೆ ಹೋಗಲು ಮೂರೂವರೆ ಗಂಟೆ, ಬರಲು ಆರೂವರೆ ಗಂಟೆ ಎಂದು ಕಾಣುತ್ತಿದೆ ಅಂದಿರಲ್ಲ, ಅಲ್ಲಿ ಎರಡು ವಿಷಯ ಕಲಸಿಕೊಂಡಿವೆ. ದ್ವೀಪದ ಗಡಿಯಾರ ಸ್ಯಾಂಟಿಯಾಗೊಗಿಂತ 2 ಗಂಟೆ ಹಿಂದೆ. ಅದನ್ನು ಸರಿಪಡಿಸಿದರೆ ಹೋಗುವಾಗ ಐದೂವರೆ, ಬರುವಾಗ ನಾಲ್ಕೂವರೆ. ಉಳಿದ ಒಂದು ಗಂಟೆಯ ವ್ಯತ್ಯಾಸ ಗಾಳಿಯದು. ವಿಮಾನ ಹಾರುವ ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಹೋಗುವಾಗ ಎದುರು, ಬರುವಾಗ ಬೆನ್ನಿಗೆ.

ನೀವೇ ಅಂದಾಜು ಮಾಡುವುದಾದರೆ ದೂರವನ್ನು 850ರಿಂದ (ವಿಮಾನದ ಅಂದಾಜು ವೇಗ, ಗಂಟೆಗೆ ಕಿ.ಮೀ.) ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿ. 4 ಗಂಟೆ 55 ನಿಮಿಷ ಬರುತ್ತದೆ, ಎರಡೂ ದಿಕ್ಕಿನ ಸರಾಸರಿಗೆ ಹತ್ತಿರ. ಅಂದಹಾಗೆ ಅಂಥ ಪುಟ್ಟ ದ್ವೀಪಕ್ಕೆ 3 ಕಿ.ಮೀ. ಮೀರಿದ ರನ್‌ವೇ ಇದೆ. 1980ರ ದಶಕದಲ್ಲಿ ನಾಸಾದ ಸ್ಪೇಸ್ ಶಟಲ್‌ಗೆ ತುರ್ತು ತಾಣವಾಗಲೆಂದು ಅದನ್ನು ಉದ್ದ ಮಾಡಿದ್ದು.